ಕಣ್ಣಿಗೆ ಕಂಟಕವಾಗುವ ಲಾಡಿಹುಳು

ಕೃಷ್ಣೆ-ಘಟಪ್ರಭೆಯರ ನೀರುಂಡು ಬೆಳೆದ ಕಬ್ಬು, ರಬಕವಿ-ಬನಹಟ್ಟಿಗಳ ಮಗ್ಗದ ಸದ್ದು, ಜಮಖಂಡಿ-ಬೀಳಗಿಗಳ ಹೊಲಗಳಲ್ಲಿ ಬೀಡುಬಿಡುವ ಕುರಿಹಿಂಡು—ಬಾಗಲಕೋಟೆ ಜಿಲ್ಲೆಯ ಈ ಸೀಮೆಗೆ ಕಳೆ ಕೊಟ್ಟಿರುವುದು ಇವೇ. ಮುಧೋಳದ ಬೇಟೆನಾಯಿಯ ಕೀರ್ತಿಯಂತೂ ದೇಶವನ್ನೆಲ್ಲ ಹಬ್ಬಿದೆ. ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರಕಾರ 2005ರಲ್ಲಿ ಹೊರತಂದಿತು.

ನಾಯಿ, ಕುರಿ, ಮನುಷ್ಯ—ಈ ಮೂವರ ಸಹವಾಸ ಬಹು ಪುರಾತನವಾದುದು. ಅದನ್ನೇ ಆಶ್ರಯಿಸಿ ಬದುಕುವ ಲಾಡಿಹುಳುವೊಂದು ಕುರಿ ಸಾಕುವ ಹಲವು ನಾಡುಗಳಲ್ಲಿ ಕಾಣಸಿಗುತ್ತದೆ. ಭಾರತವೂ ಇದಕ್ಕೆ ಹೊರತಲ್ಲ. ಅದರ ಮರಿ ಮನುಷ್ಯನ ಕಣ್ಣಗೂಡನ್ನು ಸೇರಿತೆಂದರೆ ದೃಷ್ಟಿಗೇ ಸಂಚಕಾರ.

ನಾಯಿಯಿಂದ ಕುರಿಗೆ, ಕುರಿಯಿಂದ ನಾಯಿಗೆ

ಎಕಿನೊಕಾಕಸ್ ಎಂಬ ಈ ಹುಳುವಿನ ಉದ್ದ ಒಂದು ಸೆಂಟಿಮೀಟರೂ ಇಲ್ಲ. ನಾಯಿಯ ಕರುಳೇ ಅದರ ಮನೆ. ಅದರ ತತ್ತಿಗಳು ಮಲದೊಡನೆ ಹೊರಬಿದ್ದು ಹುಲ್ಲು, ನೀರು, ಮಣ್ಣುಗಳಲ್ಲಿ ಬೆರೆಯುತ್ತವೆ. ಮೇಯುವ ಕುರಿ ಅವನ್ನು ನುಂಗಿದಾಗ ಮರಿಹುಳು ಅದರ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೆಲೆಸಿ, ನೀರು ತುಂಬಿದ ಗುಳ್ಳೆಯಾಗುತ್ತದೆ. ಕುರಿಯನ್ನು ಕೊಯ್ದವರು ಆ ಗುಳ್ಳೆಯ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಯಿತು.

ಮನುಷ್ಯ ಈ ಚಕ್ರದಲ್ಲಿ ಆಕಸ್ಮಿಕವಾಗಿ ಸಿಲುಕುತ್ತಾನೆ. ನಾಯಿಯನ್ನು ಮುದ್ದಿಸಿದ ಕೈಯನ್ನು ತೊಳೆಯದೆ ಮಗು ತಿಂಡಿಗೆ ಕೈಹಾಕಿದರೂ ತತ್ತಿ ಹೊಟ್ಟೆ ಸೇರೀತು. ಗುಳ್ಳೆ ಕಣ್ಣಗೂಡಿನಲ್ಲಿ ಬೆಳೆಯುವುದು ತೀರ ಅಪರೂಪ. ನೂರಕ್ಕೆ ಒಂದರ ಆಸುಪಾಸು. ಆದರೆ ಎಲುಬಿನ ಆ ಗೂಡು ಹಿಗ್ಗಲಾರದು. ಗುಳ್ಳೆ ದೊಡ್ಡದಾದಂತೆ ಕಣ್ಣಗುಡ್ಡೆ ಮೆಲ್ಲಮೆಲ್ಲನೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ದೃಷ್ಟಿನರ ಅದುಮಿ ನೋಟ ಮಬ್ಬಾಗುತ್ತದೆ. ಬಹಳ ಸಲ ನೋವೇ ಇರುವುದಿಲ್ಲವಾದುದರಿಂದ ವೈದ್ಯರ ಬಳಿಗೆ ಹೋಗುವುದು ತಡವಾಗುತ್ತದೆ. ಶಸ್ತ್ರಚಿಕಿತ್ಸೆಯೇ ಇದಕ್ಕೆ ಮುಖ್ಯ ಉಪಾಯ. ಗುಳ್ಳೆ ಒಡೆದರೆ ಹೊಸ ಗುಳ್ಳೆಗಳಿಗೆ ಬೀಜ ಬಿತ್ತಿದಂತೆ. ಆ ನೀರು ಸೋಕಿ ದೇಹ ಅಪಾಯಕರವಾಗಿ ಕೆರಳುವುದೂ ಉಂಟು.

ಶಾಕಾಹಾರಿಗಳಿಗೂ ತಪ್ಪಿದ್ದಲ್ಲ

ಕಣ್ಣಿಗೆ ಕಂಟಕವಾಗುವ ಇನ್ನೊಂದು ಲಾಡಿಹುಳು ಹಂದಿಯದು. ಸರಿಯಾಗಿ ಬೇಯದ ಹಂದಿಮಾಂಸವನ್ನು ತಿಂದವರ ಕರುಳಿನಲ್ಲಿ ಇದು ಹಲವು ಮೀಟರು ಉದ್ದ ಬೆಳೆಯುತ್ತದೆ. ಕಣ್ಣಿಗೆ ಕೇಡು ತರುವುದು ಮಾತ್ರ ಈ ಉದ್ದನೆಯ ಹುಳುವಲ್ಲ, ಅಂಥವರ ಮಲದಲ್ಲಿ ಹೊರಬೀಳುವ ತತ್ತಿ. ಹೊಲಸು ನೀರಿನ ಮೂಲಕ ಅದು ಸೊಪ್ಪು-ತರಕಾರಿಗೆ ಅಂಟಬಹುದು. ಅಡಿಗೆ ಮಾಡುವವರ ಕೈಯಿಂದಲೂ ಬರಬಹುದು. ಮಾಂಸವನ್ನು ಮುಟ್ಟದ ಮನೆಯವರಿಗೂ ಈ ರೋಗ ತಗಲುವುದು ಹೀಗೆ.

ಕಣ್ಣನ್ನು ಹೊರಳಿಸುವ ಸ್ನಾಯುವಿನಲ್ಲಿ ಇದರ ಮರಿ ನೆಲೆಸಿದರೆ ಊತ, ಕೆಂಪು, ನೋವು, ಒಂದು ವಸ್ತು ಎರಡಾಗಿ ಕಾಣುವುದು ಮುಂತಾದ ಲಕ್ಷಣಗಳು ತೋರುತ್ತವೆ. ಇದಕ್ಕೆ ಆಲ್ಬೆಂಡಜೋಲ್ ಮತ್ತು ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧಗಳಿಂದ ಸಾಮಾನ್ಯವಾಗಿ ಗುಣ ಸಿಗುತ್ತದೆ. ಮರಿ ಕಣ್ಣಗುಡ್ಡೆಯ ಒಳಗೇ ಇದ್ದರೆ ಸಂಗತಿ ಬೇರೆ: ಅದು ಒಳಗೆ ಸತ್ತಾಗ ಏಳುವ ಉರಿಯೂತವೇ ದೃಷ್ಟಿಯನ್ನು ಕಳೆದೀತು. ಅಂಥಲ್ಲಿ ಅದನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯಬೇಕಾಗುತ್ತದೆ. ಇಂಥ ಲಕ್ಷಣ ಕಂಡವರು ತಾವಾಗಿಯೇ ಜಂತಿನ ಮಾತ್ರೆ ನುಂಗದೆ ಮೊದಲು ನೇತ್ರವೈದ್ಯರಿಗೆ ತೋರಿಸಬೇಕು. ಸ್ಕ್ಯಾನ್ ಪರೀಕ್ಷೆಯಿಂದ ಮರಿಯ ನೆಲೆ ತಿಳಿಯುತ್ತದೆ.

ಒಂದು ದ್ವೀಪದ ಪಾಠ

ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿಗಳ ನಾಡಾದ ಐಸ್‌ಲೆಂಡ್ ನಾಯಿಯ ಹುಳುವಿನಿಂದ ಬಹಳ ಬಳಲಿತ್ತು. ಡೆನ್ಮಾರ್ಕಿನ ವಿಜ್ಞಾನಿ ಹರಾಲ್ಡ್ ಕ್ರಾಬೆ ಅಲ್ಲಿನ ನಾಯಿಗಳನ್ನು ಪರೀಕ್ಷಿಸಿ, ಜನರ ಭಾಷೆಯಲ್ಲಿ ಒಂದು ಕಿರುಹೊತ್ತಗೆ ಬರೆದ. 1864ರಲ್ಲಿ ಅದು ಮನೆಮನೆಗೂ ಹಂಚಲ್ಪಟ್ಟಿತು. ಗುಳ್ಳೆಯುಳ್ಳ ಅಂಗಗಳನ್ನು ಸುಡಿರಿ ಇಲ್ಲವೆ ಹೂಳಿರಿ, ನಾಯಿಗಳಿಗೆ ಜಂತಿನ ಔಷಧ ಕೊಡಿರಿ ಎಂಬುದೇ ಅದರ ತಿರುಳು. ಕಾನೂನೂ ಬೆಂಬಲಕ್ಕೆ ನಿಂತಿತು. ಇಂದು ಆ ದ್ವೀಪದಲ್ಲಿ ರೋಗ ನಿರ್ಮೂಲವಾಗಿದೆ.

ರೊಟ್ಟಿಯೊಡನೆ ಹಸಿಯ ಹಕ್ಕರಕಿ, ಮೆಂತ್ಯದ ಸೊಪ್ಪು, ಮೂಲಂಗಿಗಳನ್ನು ಮೆಲ್ಲುವುದು ಮುಧೋಳ-ಜಮಖಂಡಿಗಳ ಊಟದ ಸೊಗಸು. ಅದನ್ನು ಬಿಡಬೇಕಾಗಿಲ್ಲ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ನಾಯಿಯನ್ನು ದೂರವಿಡಬೇಕಾಗಿಲ್ಲ, ಪಶುವೈದ್ಯರು ಹೇಳಿದಂತೆ ಔಷಧ ಕೊಟ್ಟು, ಕುರಿಯ ಹಸಿ ಅಂಗಗಳು ಅದರ ಬಾಯಿಗೆ ಬೀಳದಂತೆ ನೋಡಿಕೊಳ್ಳಬೇಕು. ಶೌಚಾಲಯದ ಬಳಕೆ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈತೊಳೆಯುವ ರೂಢಿ—ಈ ಸಣ್ಣ ನಿಯಮಗಳು ಮನೆಮಂದಿಯ ಕಣ್ಣನ್ನು ಕಾಯಬಲ್ಲವು.