ಮಂದಬೆಳಕಿಗೆ ಬಳಸಿದ ಲೆನ್ಸು

ಚುಂಚನಕಟ್ಟೆಯ ದನಗಳ ಜಾತ್ರೆಯನ್ನು ಸಂಜೆಯ ಮಂದಬೆಳಕಿನಲ್ಲಿ ಚಿತ್ರಿಸಬಯಸುವ ಗೃಹಸ್ಥರಿಗೆ 24-70 ಮಿಲಿಮೀಟರಿನ ಝೂಮ್ ಲೆನ್ಸು ಯುಕ್ತವು. ಹೊಸದರ ಬೆಲೆ ದುರ್ಭರವಾದುದರಿಂದ ಬಳಸಿದುದನ್ನೇ ಅರಸುವರಷ್ಟೆ. ಎಫ್/4ಕ್ಕಿಂತ ಎಫ್/2.8 ಇಮ್ಮಡಿ ಬೆಳಕನ್ನು ಒಳಕ್ಕೆ ಬಿಡುವುದು. ಸೆಕೆಂಡಿನ 1/30 ಭಾಗ ಬೇಕಾದೆಡೆ 1/60 ಸಾಕಾಗುವುದು. ಕೈನಡುಕವನ್ನು ತಡೆಯುವ ಯಂತ್ರವಿಶೇಷವುಂಟು, ದಿಟ. ಅದು ಓಡುವ ಎತ್ತನ್ನು ನಿಲ್ಲಿಸಲಾರದು!

ಹೆಗ್ಗಡದೇವನಕೋಟೆಯ ಕಡೆಯ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುವುದುಂಟು. ಆದಕಾರಣ ಹಿಂದಿನಿಂದ ಟಾರ್ಚು ಬೆಳಗಿಸಿ, ಜೇಡರ ಬಲೆಯಂತಹ ಎಳೆಗಳಿವೆಯೇ ಎಂದು ನೋಡತಕ್ಕದ್ದು. ಇದ್ದರೆ, ಎಷ್ಟೇ ಅಗ್ಗವಾಗಲಿ, ಬೇಡ. ಮುಂಗಾಜಿನ ಸಣ್ಣ ಗೀರು ಅಷ್ಟು ಬಾಧಕವಲ್ಲ. ಬಳಿಕ ಎಫ್/2.8ರಲ್ಲಿಯೇ ಇಟ್ಟಿಗೆಯ ಗೋಡೆಯೊಂದನ್ನು ನೇರವಾಗಿ ನಿಂತು ಚಿತ್ರಿಸಿ ನೋಡಬೇಕು. ಒಂದು ಪಾರ್ಶ್ವ ಮಾತ್ರ ಮಸುಕಾಗಿದ್ದರೆ ಲೆನ್ಸು ಎಂದೋ ಕೆಳಗೆ ಬಿದ್ದುದಿರಬಹುದು.