ಫ್ಲೈಟ್ ಸಿಮ್ಯುಲೇಟರಿನಲ್ಲಿ ಕಾಣೆಯಾಗುವ ಮೈಚಿತ್ರಗಳು

ವಿಮಾನವನ್ನೇರದೆಯೇ ವಿಮಾನ ನಡೆಸುವ ಅಭ್ಯಾಸವನ್ನು ಮನೆಯ ಕಂಪ್ಯೂಟರಿನಲ್ಲಿ ಒದಗಿಸಿಕೊಡುವ ಸಾಧನಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂತಹದೊಂದನ್ನು ಮೊದಲು ಹೊರತಂದಾಗ ತೆರೆಯ ಮೇಲೆ ಕಾಣುತ್ತಿದ್ದುದು ಕೆಲವು ಗೆರೆಗಳು ಮತ್ತು ಒಂದೆರಡು ಬಣ್ಣದ ಬಯಲುಗಳು ಮಾತ್ರ. ಇಂದಾದರೋ ಎಕ್ಸ್‌ಪ್ಲೇನ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮೊದಲಾದವುಗಳಲ್ಲಿ ಭೂಮಂಡಲವೆಲ್ಲವೂ ಗಿರಿ ನದಿ ಪುರಗಳೊಡನೆ ಮೈದೋರುತ್ತದೆ. ಆದರೂ ಅಭ್ಯಾಸಿಗೆ ತನ್ನೂರಿನ ವಿಮಾನ ನಿಲ್ದಾಣವು ತಾನು ಕಂಡಂತೆಯೇ ಇರಬೇಕೆಂಬ ಆಸೆ ತಪ್ಪದು. ಅದಕ್ಕಾಗಿ ಹವ್ಯಾಸಿಗಳು ರಚಿಸಿ ಹಂಚುವ ದೃಶ್ಯಸಾಮಗ್ರಿಗೆ ಸೀನರಿ ಎನ್ನುತ್ತಾರೆ. ಅದನ್ನು ತಂದು ಸೇರಿಸಿದಾಗ ಕಟ್ಟಡಗಳು ನಿಂತಿರುತ್ತವೆ, ಬಣ್ಣ ಮಾತ್ರ ಇರುವುದಿಲ್ಲ. ಗೋಡೆ, ಕಿಟಕಿ, ಹೆಂಚು ಯಾವುದೂ ಇಲ್ಲದ ಬೂದು ಅಥವಾ ಬಿಳಿಯ ಗಡ್ಡೆಯೊಂದು ರನ್‌ವೇ ಮಗ್ಗುಲಲ್ಲಿ ಕಾಣುತ್ತದೆ. ಇದು ಏಕಾಗುತ್ತದೆ, ಇದನ್ನು ಸರಿಪಡಿಸುವ ಬಗೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ತಿಳಿಯಬೇಕಾದುದು ಒಂದೇ. ಈ ಲೋಕದಲ್ಲಿ ಆಕಾರ ಬೇರೆ, ಮೈ ಬೇರೆ. ಗೋಪುರವೊಂದರ ಉದ್ದಗಲ ಎತ್ತರಗಳ ಲೆಕ್ಕವು ಒಂದು ಫೈಲಿನಲ್ಲಿರುತ್ತದೆ. ಅದರ ಗೋಡೆಯ ಮೇಲೆ ಹೊದಿಸತಕ್ಕ ಚಿತ್ರವು ಇನ್ನೊಂದು ಫೈಲಿನಲ್ಲಿರುತ್ತದೆ. ಈ ಹೊದಿಕೆಗೆ ಟೆಕ್ಸ್ಚರ್ ಎಂದು ಹೆಸರು. ನಾನಿದನ್ನು ಮೈಚಿತ್ರವೆಂದು ಕರೆಯುತ್ತೇನೆ. ಆಕಾರದ ಫೈಲು ಮೈಚಿತ್ರವನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ, ಅದರ ಹೆಸರನ್ನೂ ಅದಿರುವ ಎಡೆಯನ್ನೂ ಮಾತ್ರ ಬಲ್ಲುದು. ಎಕ್ಸ್‌ಪ್ಲೇನಿನಲ್ಲಿ ಆಕಾರದ ಫೈಲು ಸಾಮಾನ್ಯ ಪಠ್ಯವಾದುದರಿಂದ ಯಾರು ಬೇಕಾದರೂ ತೆರೆದು ಓದಬಹುದು. ಅದರ ಮೊದಲ ಸಾಲುಗಳಲ್ಲಿಯೇ ಟೆಕ್ಸ್ಚರ್ ಎಂಬ ಪದವೂ ಅದರ ಮುಂದೆ ಚಿತ್ರದ ವಿಳಾಸವೂ ಬರೆದಿರುತ್ತವೆ. ವಿಳಾಸದ ಆರಂಭದಲ್ಲಿ ಎರಡು ಚುಕ್ಕೆಗಳಿದ್ದರೆ, ಈಗಿರುವ ಫೋಲ್ಡರಿನಿಂದ ಒಂದು ಮೆಟ್ಟಿಲು ಹೊರಗೆ ಬಂದು ಹುಡುಕು ಎಂದರ್ಥ. ಹೆಸರಿದ್ದೂ ಹೆಸರಿಗೆ ತಕ್ಕ ವಸ್ತು ಆ ಎಡೆಯಲ್ಲಿ ಸಿಕ್ಕದಿದ್ದಾಗ ಗೋಪುರವು ಬತ್ತಲೆ ನಿಲ್ಲುತ್ತದೆ. ಮೈಚಿತ್ರ ಕಾಣೆಯಾಗುವ ಪ್ರಸಂಗಗಳಲ್ಲಿ ಬಹುಪಾಲು ಇಷ್ಟೇ: ಯಂತ್ರದ ದೋಷವಲ್ಲ, ಹೆಸರು ಮತ್ತು ಎಡೆಗಳ ದೋಷ.

ಈ ತಿಳಿವಿಲ್ಲದೆ ಎಷ್ಟು ಹಣ ವ್ಯರ್ಥವಾಗಬಹುದೆಂಬುದಕ್ಕೆ ಒಂದು ನಿದರ್ಶನ. ಹಳೆಯ ವಿದ್ಯಾರ್ಥಿಯೊಬ್ಬರ ಮಗ ಹಳೆಯ ಕಂಪ್ಯೂಟರಿನಲ್ಲಿದ್ದ ಸೀನರಿಯನ್ನು ಹೊಸದಕ್ಕೆ ಸಾಗಿಸಿದ. ಹೊಸದರಲ್ಲಿ ಹ್ಯಾಂಗರುಗಳೆಲ್ಲ ಸುಣ್ಣ ಬಳಿದಂತೆ ಬಿಳಿದಾಗಿ ನಿಂತವು. ತಂದೆಯವರು ಗ್ರಾಫಿಕ್ಸ್ ಕಾರ್ಡು ಕೆಟ್ಟಿದೆಯೆಂದು ನಿಶ್ಚಯಿಸಿ, ಹೊಸ ಕಾರ್ಡಿಗೆ ಅಂಗಡಿಯವನೊಡನೆ ಬೆಲೆಯನ್ನೂ ಮಾತನಾಡಿ ಮುಗಿಸಿದ್ದರು. ನಾನು ಅವರ ಮನೆಗೆ ಹೋದದ್ದು ಬೇರೆ ಕಾರ್ಯಕ್ಕೆ. ಯಂತ್ರವಿದ್ಯೆ ನನಗೆ ತಿಳಿಯದು. ಓದುವುದು ಮಾತ್ರ ತಿಳಿದಿತ್ತು. ಹುಡುಗನಿಂದ ಆ ಫೈಲನ್ನು ತೆರೆಯಿಸಿ ಓದಿಸಿದೆ. ಚಿತ್ರವು ಪಕ್ಕದ ಟೆಕ್ಸ್ಚರ್ಸ್ ಎಂಬ ಫೋಲ್ಡರಿನಲ್ಲಿದೆಯೆಂದು ಅದು ಹೇಳುತ್ತಿತ್ತು; ಪಕ್ಕದಲ್ಲಿ ಅಂತಹ ಫೋಲ್ಡರೇ ಇರಲಿಲ್ಲ. ಆಬ್ಜೆಕ್ಟ್ಸ್ ಎಂಬುದಷ್ಟೇ ಸಾಕೆಂದು ತಿಳಿದು ಹುಡುಗ ಅದೊಂದನ್ನೇ ತಂದಿದ್ದ. ಉಳಿದುದನ್ನು ತಂದಿಟ್ಟೊಡನೆ ಹ್ಯಾಂಗರುಗಳು ಬಣ್ಣ ತಳೆದವು. ಕಾರ್ಡಿನ ವ್ಯಾಪಾರ ಅಲ್ಲಿಗೆ ನಿಂತಿತು.

ಹಾಗೆಂದು ಎಲ್ಲ ಕೊರತೆಯೂ ಒಂದೇ ಬಗೆಯದಲ್ಲ. ಚಿಕಿತ್ಸೆಗೆ ಮುನ್ನ ಲಕ್ಷಣವನ್ನು ಬಿಡಿಸಿ ನೋಡಬೇಕು. ಚಿತ್ರವು ಇದ್ದು ಮಸುಕಾಗಿ ಕಂಡರೆ ಅದು ಕಾಣೆಯಾದುದಲ್ಲ. ಗ್ರಾಫಿಕ್ಸ್ ಕಾರ್ಡಿನ ಸ್ಮೃತಿ ಸಾಲದೆ ಸಿಮ್ಯುಲೇಟರು ತಾನೇ ಚಿತ್ರವನ್ನು ಕಿರಿದುಗೊಳಿಸಿರುತ್ತದೆ. ಅಲ್ಲಿ ಟೆಕ್ಸ್ಚರಿನ ಗುಣಮಟ್ಟವನ್ನು ಒಂದು ಹಂತ ಇಳಿಸುವುದೇ ಪರಿಹಾರ. ಆಕಾರವಿದ್ದು ಮೈ ಇಲ್ಲದಿದ್ದರೆ ಮೇಲೆ ಹೇಳಿದ ಹೆಸರಿನ ದೋಷ. ಆಕಾರವೇ ಇಲ್ಲದೆ ಮರ, ವಾಹನ, ಬೇಲಿಗಳು ಮಾಯವಾಗಿದ್ದರೆ ಗ್ರಂಥಾಲಯದ ಕೊರತೆಯೆಂದು ಊಹಿಸಬಹುದು. ಸೀನರಿ ರಚಿಸುವವರು ಪ್ರತಿಯೊಂದು ವಸ್ತುವನ್ನೂ ತಾವೇ ಮಾಡುವುದಿಲ್ಲ. ಓಪನ್‌ಸೀನರಿಎಕ್ಸ್ ಮುಂತಾದ ಸಾರ್ವಜನಿಕ ಸಂಗ್ರಹಗಳಿಂದ ಎರವಲು ತರುತ್ತಾರೆ. ಆ ಸಂಗ್ರಹಗಳಿಗೆ ಲೈಬ್ರರಿ ಎಂಬ ಹೆಸರು ಅನ್ವರ್ಥವಾಗಿಯೇ ಇದೆ. ಯಾವ ಯಾವ ಲೈಬ್ರರಿ ಬೇಕೆಂಬುದನ್ನು ಸೀನರಿಯೊಡನೆ ಬರುವ ಸೂಚನಾಪತ್ರದಲ್ಲಿ ಬರೆದಿರುತ್ತಾರೆ. ಅದನ್ನು ಓದುವವರು ವಿರಳ.

ಊಹಿಸುತ್ತ ಕೂರುವ ಅಗತ್ಯವೂ ಇಲ್ಲ. ಎಕ್ಸ್‌ಪ್ಲೇನು ಪ್ರತಿಬಾರಿ ಆರಂಭವಾದಾಗಲೂ ತಾನು ಮಾಡಿದ ಕಾರ್ಯಗಳನ್ನೆಲ್ಲ ಲಾಗ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಇಂತಹ ಸಂಪನ್ಮೂಲ ಸಿಕ್ಕಲಿಲ್ಲ, ಇದನ್ನು ಕೇಳಿದ್ದು ಇಂತಹ ಸೀನರಿ ಎಂಬಷ್ಟು ಸ್ಪಷ್ಟವಾಗಿ ಅದು ಹೇಳುತ್ತದೆ. ಸಾವಿರಾರು ಸಾಲುಗಳನ್ನು ಕಂಡು ಅಂಜಬೇಕಾಗಿಲ್ಲ; ಸೇರಿಸಿದ ಸೀನರಿಯ ಹೆಸರನ್ನು ಹುಡುಕಿದರೆ ಬೇಕಾದ ಸಾಲು ದೊರೆಯುತ್ತದೆ. ಆ ಸಾಲಿನ ಹೆಸರನ್ನೂ ಫೋಲ್ಡರಿನಲ್ಲಿರುವ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸಿದವರಿಗೆ ಈ ಕೆಲಸ ಹೊಸದಲ್ಲ. ಲಿಪಿಕಾರನು ದೀರ್ಘವನ್ನು ಬಿಟ್ಟರೆ ‘ಕಾಲ’ವು ‘ಕಲ’ವಾಗುತ್ತದೆ, ಅರ್ಥ ಕೆಡುತ್ತದೆ. ಆದರೂ ಓದುಗನು ಸಂದರ್ಭದಿಂದ ತಿದ್ದಿಕೊಳ್ಳುತ್ತಾನೆ, ಕಂಪ್ಯೂಟರು ತಿದ್ದಿಕೊಳ್ಳುವುದಿಲ್ಲ.

ಈ ಅಕ್ಷರದೋಷಗಳಲ್ಲಿ ಎರಡು ಬಗೆಯವು ಮೋಸಕರವಾದುವು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಭೇದವಿದೆ; ನಮ್ಮ ಲಿಪಿಗೆ ಆ ತೊಡಕಿಲ್ಲ. ವಿಂಡೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಈ ಎರಡನ್ನೂ ಒಂದೇ ಎಂದೆಣಿಸುತ್ತದೆ, ಲಿನಕ್ಸ್ ವ್ಯವಸ್ಥೆಯು ಬೇರೆ ಬೇರೆಯೆಂದೆಣಿಸುತ್ತದೆ. ಆದುದರಿಂದ ಒಬ್ಬರ ಮನೆಯಲ್ಲಿ ನೆಟ್ಟಗೆ ಕಂಡ ಸೀನರಿ ಇನ್ನೊಬ್ಬರ ಮನೆಯಲ್ಲಿ ಬೋಳಾಗಿ ಕಾಣುವುದುಂಟು. ಇಬ್ಬರೂ ತಪ್ಪು ಮಾಡಿರುವುದಿಲ್ಲ. ಎರಡನೆಯದು, ವಿಂಡೋಸಿನಲ್ಲಿ ಫೈಲಿನ ಹೆಸರಿನ ಬಾಲವು ಮರೆಯಾಗಿರುವ ಪದ್ಧತಿ. ಕಣ್ಣಿಗೆ ಕಾಣದ ಬಾಲವನ್ನು ಮತ್ತೊಮ್ಮೆ ಬರೆದರೆ ಫೈಲಿಗೆ ಪಿಎನ್‌ಜಿ ಪಿಎನ್‌ಜಿ ಎಂಬ ಎರಡು ಬಾಲಗಳಾಗುತ್ತವೆ. ಬಾಲವನ್ನು ತೋರಿಸುವಂತೆ ಮೊದಲೇ ಏರ್ಪಡಿಸಿಕೊಳ್ಳುವುದು ಲೇಸು. ಇಲ್ಲಿ ಒಂದು ಅಪವಾದವನ್ನೂ ಹೇಳಬೇಕು. ಆಕಾರದ ಫೈಲು ಪಿಎನ್‌ಜಿ ಎಂದು ಕೇಳಿದರೂ ಅದೇ ಹೆಸರಿನ ಡಿಡಿಎಸ್ ಚಿತ್ರವಿದ್ದರೆ ಎಕ್ಸ್‌ಪ್ಲೇನು ಅದನ್ನೇ ಎತ್ತಿಕೊಳ್ಳುತ್ತದೆ. ಪಿಎನ್‌ಜಿ ಇಲ್ಲವೆಂದು ಅಲ್ಲಿ ಗಾಬರಿಯಾಗಬಾರದು.

ಇತರ ಸಿಮ್ಯುಲೇಟರುಗಳಲ್ಲಿಯೂ ನಿಯಮವು ಇದೇ, ವೇಷ ಮಾತ್ರ ಬೇರೆ. 2006ರಲ್ಲಿ ಬಂದ ಮೈಕ್ರೋಸಾಫ್ಟಿನ ಎಫ್‌ಎಸ್‌ಎಕ್ಸ್‌ನಲ್ಲಿ ಸೀನರಿ, ಟೆಕ್ಸ್ಚರ್ ಎಂಬ ಎರಡು ಫೋಲ್ಡರುಗಳು ಒಂದೇ ತಾಯಿ ಫೋಲ್ಡರಿನ ಮಕ್ಕಳಾಗಿ ಜೊತೆಗಿರಬೇಕು. ಸೇರಿಸುವಾಗ ತಾಯಿಯನ್ನು ತೋರಿಸಬೇಕು. 2020ರ ಆವೃತ್ತಿಯಲ್ಲಿ ಹೊರಗಿನಿಂದ ತಂದ ಸೀನರಿಯನ್ನು ಕಮ್ಯುನಿಟಿ ಎಂಬ ಫೋಲ್ಡರಿನಲ್ಲಿಡುತ್ತಾರೆ. ಅಲ್ಲಿ ಪ್ರತಿಯೊಂದು ಸೀನರಿಯೊಡನೆಯೂ ಲೇಔಟ್ ಎಂಬ ಪಟ್ಟಿಯಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಚಿತ್ರವು ಫೋಲ್ಡರಿನೊಳಗೆ ಕಣ್ಣೆದುರಿಗಿದ್ದರೂ ಇಲ್ಲದಂತೆಯೇ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದ ಹುಡುಗ ತರಗತಿಯಲ್ಲಿ ಕುಳಿತ ಹಾಗೆ. ಕಟ್ಟಿದ ಗಂಟನ್ನು ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಮತ್ತೊಂದು ಫೋಲ್ಡರು ಉಂಟಾಗುವುದು ಎಲ್ಲೆಡೆಯೂ ಕಾಣುವ ತೊಂದರೆ. ಒಳಗಿನದನ್ನು ಒಂದು ಮೆಟ್ಟಿಲು ಹೊರಗೆ ತಂದರೆ ತೀರಿತು.

ನೆಲದ ಚಿತ್ರದ ಬಗೆಗೂ ಒಂದು ಮಾತು. ಎಕ್ಸ್‌ಪ್ಲೇನು ಭೂಮಿಯನ್ನು ಒಂದೊಂದು ಅಕ್ಷಾಂಶ ರೇಖಾಂಶದ ಚೌಕಗಳಾಗಿ ವಿಭಾಗಿಸುತ್ತದೆ. ಬೆಳಗಾವಿಯ ಸಾಂಬ್ರಾ ನಿಲ್ದಾಣವು 15 ಮತ್ತು 74ರ ಚೌಕದಲ್ಲಿದೆ, ಹುಬ್ಬಳ್ಳಿಯದು 15 ಮತ್ತು 75ರ ಚೌಕದಲ್ಲಿದೆ. ಬೆಳಗಾವಿಯ ಚೌಕಕ್ಕೆ ಮಾತ್ರ ಉಪಗ್ರಹದ ಚಿತ್ರವನ್ನು ಹೊದಿಸಿದವರು ಹುಬ್ಬಳ್ಳಿಯ ಕಡೆಗೆ ಹಾರಿದರೆ, ಧಾರವಾಡದ ಮಗ್ಗುಲಲ್ಲಿ ಹೊಲಗದ್ದೆಗಳ ನಿಜಚಿತ್ರವು ಕತ್ತರಿಸಿದಂತೆ ಒಂದೇ ನೇರದಲ್ಲಿ ಮುಗಿಯುತ್ತದೆ. ಅದು 75ನೆಯ ರೇಖಾಂಶವೇ ಹೊರತು ಕೆಟ್ಟ ಫೈಲಲ್ಲ. ಮುಂದಿನ ಚೌಕವನ್ನು ತಂದರೆ ಸಾಕು. ಇನ್ನು, ಸೇರಿಸಿದ ನಿಲ್ದಾಣವೇ ಈ ನೆಲದ ಚಿತ್ರದಡಿ ಹುದುಗಿಹೋದರೆ ಸೀನರಿ ಪ್ಯಾಕ್ಸ್ ಎಂಬ ಪಟ್ಟಿಯನ್ನು ತೆರೆದು ನೋಡಬೇಕು. ಅದರಲ್ಲಿ ಮೇಲಿನ ಸಾಲಿಗೆ ಅಗ್ರಸ್ಥಾನ. ನಿಲ್ದಾಣಗಳು ಮೇಲೆ, ನೆಲದ ಚಿತ್ರಗಳು ಕೆಳಗೆ ಇರತಕ್ಕುದು. ತಿದ್ದುವ ಮೊದಲು ಪಟ್ಟಿಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕು. ಲಾಗ್ ಫೈಲಿನ ಪ್ರತಿಯನ್ನೂ ಹಾಗೆಯೇ. ಸಿಮ್ಯುಲೇಟರನ್ನು ಮತ್ತೆ ಆರಂಭಿಸಿದೊಡನೆ ಹಳೆಯದು ಅಳಿಸಿಹೋಗಿ ಹೊಸದನ್ನು ಬರೆಯುತ್ತದೆ.