ನೀರು ನುಗ್ಗಿದ ಮನೆ, ಬೂಷ್ಟು ಹಿಡಿದ ಕಣಜ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಬೂದಿಗೆರೆಯ ಸುತ್ತಣ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾದ ಮಳೆ ಬೀಳತಕ್ಕದ್ದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಮುಂಗಾರಿನಲ್ಲಿ ಬಿತ್ತಿದ ರಾಗಿಯು ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದ ವರ್ಷಗಳಲ್ಲಿ ಈ ಎರಡು ಕಾಲಗಳ ನಡುವೆ ಬಿಡುವೇ ಇಲ್ಲದೆ ಜಡಿಮಳೆ ಹಿಡಿಯುವುದುಂಟು. 2021ನೇ ನವೆಂಬರಿನಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೀಗೆಯೇ ಆಯಿತು. ಕೊಯ್ಲಿಗೆ ಬಂದಿದ್ದ ರಾಗಿಯು ನೆಲಕ್ಕೊರಗಿ ತೆನೆಯಲ್ಲಿಯೇ ಮೊಳೆಯಿತು. ಮಣ್ಣಿನ ಮನೆಗಳು ಕುಸಿದವು.

ಇಂತಹ ಮಳೆ ನಿಂತ ಮೇಲೆ ಬಿದ್ದ ಗೋಡೆಗಳನ್ನು ಎಲ್ಲರೂ ಎಣಿಸುತ್ತಾರೆ. ಬೀಳದೆ ನಿಂತಿರುವ ಗೋಡೆಯಲ್ಲಿಯೂ, ಕಣಜದಲ್ಲಿಯೂ, ಅಂಗಡಿಯ ಮೂಟೆಗಳಲ್ಲಿಯೂ ಉಳಿದುಕೊಂಡ ತೇವವನ್ನು ಗಮನಿಸುವವರು ಕಡಮೆ. ಒಂದು ವಾರವಾದ ಮೇಲೆ ಅಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಆಗ ಅದನ್ನು ಪೊರಕೆಯಿಂದ ಗುಡಿಸಿ ಮೇಲೆ ಸುಣ್ಣ ಬಳಿದು ಕೆಲಸ ಮುಗಿಯಿತೆಂದು ತಿಳಿಯುವುದು ಸಾಮಾನ್ಯವಾದ ವಾಡಿಕೆ. ಈ ವಾಡಿಕೆಯು ಏಕೆ ನಿಷ್ಪ್ರಯೋಜಕವೆಂಬುದನ್ನೂ, ಅದಕ್ಕೆ ಬದಲಾಗಿ ಮಾಡತಕ್ಕದ್ದೇನೆಂಬುದನ್ನೂ ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಿದೆ.

ಬೂಷ್ಟಿನ ಸ್ವಭಾವ

ಬೂಷ್ಟು ಎಂಬುದು ಕೊಳೆಯಲ್ಲ. ಅದು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ಅದರ ಬೀಜಕಣಗಳು ಕಣ್ಣಿಗೆ ಕಾಣಿಸದಷ್ಟು ಸೂಕ್ಷ್ಮವಾಗಿದ್ದು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಅವು ಇಲ್ಲದ ಮನೆಯೇ ಇಲ್ಲ. ಈ ಕಣಗಳು ಮೊಳೆಯಬೇಕಾದರೆ ಆಹಾರ, ಬೆಚ್ಚಗಿನ ಹವೆ, ತೇವ ಎಂಬ ಮೂರೂ ಒದಗಬೇಕು. ಮರ, ಕಾಗದ, ಬಟ್ಟೆ, ಚರ್ಮ, ಧಾನ್ಯ, ಹುಲ್ಲು, ಗೋಡೆಯ ಮೇಲಿನ ಧೂಳು ಇವೆಲ್ಲವೂ ಅದಕ್ಕೆ ಆಹಾರವೇ. ನಮ್ಮ ಸೀಮೆಯ ಹವೆಯು ವರ್ಷವೆಲ್ಲಾ ಅದಕ್ಕೆ ಅನುಕೂಲವಾಗಿದೆ. ಹೀಗಿರುವಲ್ಲಿ ಮೂರರಲ್ಲಿ ನಮ್ಮ ಕೈಯಲ್ಲಿರತಕ್ಕದ್ದು ತೇವವೊಂದೇ. ನೀರನ್ನು ತಡೆದು ಒಣಗಿಸಿದರೆ ಬೂಷ್ಟು ತಾನಾಗಿಯೇ ನಿಲ್ಲುವುದು. ನೀರನ್ನು ಬಿಟ್ಟು ಬೂಷ್ಟನ್ನು ಮಾತ್ರ ತೊಳೆದರೆ ಅದು ಪುನಃ ಬಂದೇ ಬರುವುದು. ಈ ಲೇಖನದ ಸಾರವೆಲ್ಲವೂ ಇಷ್ಟೇ.

ಮೊದಲನೆಯ ಎರಡು ದಿನಗಳು

ನೆನೆದ ವಸ್ತುವಿನಲ್ಲಿ ಬೂಷ್ಟು ಬೇರೂರಲು ಸಾಮಾನ್ಯವಾಗಿ 24ರಿಂದ 48 ಗಂಟೆಗಳು ಸಾಕು. ಆದಕಾರಣ ನೀರು ಇಳಿದ ಕೂಡಲೆ ಮಾಡುವ ಒಂದು ದಿನದ ಕೆಲಸವು ಆಮೇಲೆ ಮಾಡುವ ಒಂದು ತಿಂಗಳ ಕೆಲಸಕ್ಕಿಂತ ಮೇಲು.

ಮನೆಯನ್ನು ಪ್ರವೇಶಿಸುವುದಕ್ಕೆ ಮುಂಚೆ ಗೋಡೆಗಳನ್ನು ಹೊರಗಿನಿಂದಲೇ ಪರೀಕ್ಷಿಸತಕ್ಕದ್ದು. ಮಣ್ಣಿನ ಗೋಡೆಯು ಬುಡದಲ್ಲಿ ಉಬ್ಬಿದ್ದರೆ, ಮೂಲೆಯಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ತೊಲೆಯು ಜರುಗಿದ್ದರೆ ಒಳಗೆ ಯಾರೂ ಮಲಗಬಾರದು. ಮಳೆ ನಿಂತು ಬಿಸಿಲು ಬಂದ ಮೇಲೆಯೂ ಇಂತಹ ಗೋಡೆಗಳು ಬೀಳುವುದುಂಟು. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿದ ಹೊರತು ನೆನೆದ ಗೋಡೆಯನ್ನಾಗಲಿ ಉಪಕರಣಗಳನ್ನಾಗಲಿ ಮುಟ್ಟಬಾರದು. ಸ್ವಿಚ್ಚಿನ ಬಳಿಗೆ ಹೋಗಲು ನೀರಿನಲ್ಲಿ ನಿಲ್ಲಬೇಕಾಗಿದ್ದರೆ ಆ ಕೆಲಸವನ್ನು ವಿದ್ಯುತ್ ಇಲಾಖೆಯ ಕೆಲಸಗಾರರಿಗೆ ಬಿಡತಕ್ಕದ್ದು.

ಅನಂತರ ನೀರನ್ನೂ ಕೆಸರನ್ನೂ ಎತ್ತಿ ಹಾಕಿ, ಬಾಗಿಲು ಕಿಟಕಿಗಳನ್ನು ತೆರೆದು, ಹಾಸಿಗೆ, ಚಾಪೆ, ಗೋಣಿಚೀಲ, ಪೆಟ್ಟಿಗೆಗಳನ್ನು ಹೊರಗೆ ಹಾಕಬೇಕು. ಪೆಟ್ಟಿಗೆ, ಬೀರುಗಳನ್ನು ಗೋಡೆಯಿಂದ ಒಂದು ಅಡಿ ದೂರಕ್ಕೆ ಎಳೆದು ಹಿಂಭಾಗಕ್ಕೆ ಗಾಳಿಯಾಡುವಂತೆ ಮಾಡಬೇಕು. ಕ್ರಯಪತ್ರ, ಪಹಣಿ, ಲೆಕ್ಕದ ಪುಸ್ತಕಗಳು ನೆನೆದಿದ್ದರೆ ಹಾಳೆಗಳನ್ನು ಬಲವಂತವಾಗಿ ಬಿಡಿಸದೆ, ಬಿಡಿಸಲಾಗುವ ಕಡೆಗಳಲ್ಲಿ ಒಣ ಕಾಗದವನ್ನಿಟ್ಟು, ನೆರಳಿನಲ್ಲಿ ಗಾಳಿಗೆ ಒಣಗಿಸತಕ್ಕದ್ದು. ಉರಿಬಿಸಿಲಿನಲ್ಲಿಟ್ಟರೆ ಕಾಗದವು ಸುರುಟಿಕೊಂಡು ಮಸಿಯು ಮಾಸುವುದು.

ನೀರು ಬರುವ ದಾರಿ

ಗೋಡೆಯ ತೇವಕ್ಕೆ ಮೂರು ಮೂಲಗಳುಂಟು. ಯಾವುದೆಂದು ಗೊತ್ತುಮಾಡದೆ ದುಡ್ಡು ಖರ್ಚು ಮಾಡಬಾರದು.

ತೇವವು ಗೋಡೆಯ ಬುಡದಿಂದ ಎರಡು ಮೂರು ಅಡಿಗಳವರೆಗೆ ಏರಿ, ಅಲ್ಲಿ ಬಿಳಿಯ ಉಪ್ಪಿನಂತಹ ಪುಡಿಯು ಕಾಣಿಸಿದರೆ ಅದು ನೆಲದಿಂದ ಬಂದ ನೀರು. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಗೋಡೆಯು ತಳಪಾಯದ ನೀರನ್ನು ಹೀರುತ್ತದೆ. ತೇವವು ಮೇಲಿನಿಂದ ಗೆರೆಗೆರೆಯಾಗಿ ಇಳಿದಿದ್ದರೆ ಒಡೆದ ಹೆಂಚನ್ನಾಗಲಿ ಮಾಳಿಗೆಯ ಬಿರುಕನ್ನಾಗಲಿ ಹುಡುಕಬೇಕು. ಇವೆರಡೂ ಇಲ್ಲದೆ ಅಡಿಗೆಮನೆ, ಬಚ್ಚಲುಮನೆಗಳ ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕೆಗಳೆದ್ದಿದ್ದರೆ, ಒಳಗಿನ ಆವಿಯೇ ತಣ್ಣನೆಯ ಗೋಡೆಗೆ ತಗುಲಿ ನೀರಾಗಿದೆಯೆಂದು ಊಹಿಸಬಹುದು.

ಸಂದೇಹವಿದ್ದಲ್ಲಿ ಒಂದು ಸುಲಭವಾದ ಪರೀಕ್ಷೆಯುಂಟು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕು ಕಡೆಯೂ ಗಾಳಿಯಾಡದಂತೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ ನೀರು ಹನಿಗಟ್ಟಿದರೆ ತೇವವು ಗೋಡೆಯೊಳಗಿನದು; ಮುಂಬದಿಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಚರಂಡಿ ಮತ್ತು ಛಾವಣಿಯ ದುರಸ್ತಿಯೂ, ಎರಡನೆಯದಕ್ಕೆ ಕಿಟಕಿ ಅಥವಾ ಹೊಗೆಗೂಡೂ ಪರಿಹಾರ.

ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುವುದು ಹಳ್ಳಿಯ ಮನೆಗಳಲ್ಲಿ ಅತಿ ಸಾಮಾನ್ಯವಾದ ದೋಷ. ಸೂರನ್ನು ಎರಡಡಿಯಷ್ಟು ಮುಂದಕ್ಕೆ ಚಾಚಿ, ಕೆಳಗಿನ ನೆಲವನ್ನು ಗೋಡೆಯಿಂದ ಹೊರಕ್ಕೆ ಇಳಿಜಾರಾಗುವಂತೆ ಗಟ್ಟಿಸಿದರೆ ಅರ್ಧ ಕಷ್ಟವು ಪರಿಹಾರವಾಗುವುದು.

ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು

ತೇವವನ್ನು ತಡೆಯಬೇಕೆಂಬ ಸದುದ್ದೇಶದಿಂದ ಅನೇಕರು ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುತ್ತಾರೆ. ಇದು ಬಹಳ ತಪ್ಪಾದ ಕ್ರಮ. ಮಣ್ಣಿನ ಗೋಡೆಯು ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಗೆಯಲ್ಲಿ ಮೈಯಿಂದಲೇ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿಬಿಡುವುದರಿಂದ ನೀರು ಒಳಗೇ ನಿಂತು, ಗೋಡೆಯ ತಿರುಳು ಮೆತ್ತಗಾಗಿ, ಕೊನೆಗೆ ಗಿಲಾವು ಹಪ್ಪಳದಂತೆ ಕಳಚಿಕೊಳ್ಳುವುದು. ಹೊರಗೆ ಭದ್ರವಾಗಿ ಕಾಣುವ ಗೋಡೆಯು ಒಳಗೆ ಕೆಸರಾಗಿರುವುದು ಹೀಗೆಯೇ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ತಕ್ಕದ್ದು. ಅದು ಮಳೆಯ ಹೊಡೆತವನ್ನು ತಡೆದು ಆವಿಯನ್ನು ಹೊರಕ್ಕೆ ಬಿಡುತ್ತದೆ. ಅಲ್ಲದೆ ಹೊಸ ಸುಣ್ಣದ ಕ್ಷಾರಗುಣವು ಬೂಷ್ಟಿಗೆ ವಿರೋಧಿ. ಆದರೆ ಗೋಡೆಯು ಒಣಗುವುದಕ್ಕೆ ಮುಂಚೆ ಬಳಿದ ಸುಣ್ಣವು ನಿಲ್ಲಲಾರದು.

ಹೊಸದಾಗಿ ಕಟ್ಟುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಬಳಕೆಗೆ ತಂದ ಒತ್ತು ಇಟ್ಟಿಗೆಗಳನ್ನು ಪರಿಶೀಲಿಸಬಹುದು. ಊರಿನ ಮಣ್ಣಿಗೇ ಸ್ವಲ್ಪ ಸಿಮೆಂಟನ್ನೋ ಸುಣ್ಣವನ್ನೋ ಸೇರಿಸಿ ಯಂತ್ರದಲ್ಲಿ ಒತ್ತಿದ ಈ ಇಟ್ಟಿಗೆಗಳು ನೆನೆದರೂ ಹಸಿಯಿಟ್ಟಿಗೆಯಂತೆ ಕರಗುವುದಿಲ್ಲ.

ಬೂಷ್ಟನ್ನು ತೆಗೆಯುವ ಕ್ರಮ

ಒಣ ಬೂಷ್ಟನ್ನು ಎಂದಿಗೂ ಪೊರಕೆಯಿಂದ ಗುಡಿಸಬಾರದು. ಗುಡಿಸಿದರೆ ಬೀಜಕಣಗಳು ಮನೆಯಲ್ಲೆಲ್ಲಾ ಹರಡಿ, ಉಸಿರಿನೊಡನೆ ಒಳಕ್ಕೆ ಹೋಗುತ್ತವೆ. ಉಬ್ಬಸವುಳ್ಳವರು, ಮಕ್ಕಳು, ವೃದ್ಧರು ಆ ಹೊತ್ತಿನಲ್ಲಿ ಮನೆಯಿಂದ ಹೊರಗಿರಬೇಕು. ಕೆಲಸ ಮಾಡುವವರು ಮೂಗು ಬಾಯಿಗಳಿಗೆ ಮುಖಗವಸನ್ನೂ ಕೈಗೆ ಚೀಲವನ್ನೂ ಹಾಕಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೆ ಒಣಗಿಸತಕ್ಕದ್ದು. ಕಲ್ಲು, ಗಾಜು, ಸಿಮೆಂಟಿನ ನೆಲಗಳಿಗೆ ಬ್ಲೀಚಿಂಗ್ ಪುಡಿಯ ನೀರನ್ನು ಉಪಯೋಗಿಸಬಹುದು. ಅದಕ್ಕೆ ಆಸಿಡ್ಡನ್ನಾಗಲಿ ಬೇರೆ ದ್ರಾವಣವನ್ನಾಗಲಿ ಸೇರಿಸಿದರೆ ವಿಷದ ಗಾಳಿಯು ಹುಟ್ಟುವುದು. ಮರಕ್ಕೂ ಮಣ್ಣಿಗೂ ಇದರಿಂದ ಪ್ರಯೋಜನವಿಲ್ಲ. ಏಕೆಂದರೆ ಬೂಷ್ಟಿನ ಬೇರುಗಳು ಒಳಗಿರುತ್ತವೆ. ಒಳಗಿನವರೆಗೂ ಬೂಷ್ಟು ಹಿಡಿದ ಚಾಪೆ, ಹಾಸಿಗೆಯ ಹತ್ತಿಗಳನ್ನು ಉಳಿಸಿಕೊಳ್ಳುವ ಆಸೆ ಮಾಡಬಾರದು.

ಕಣಜ ಮತ್ತು ಹಗೇವು

ರಾಗಿಯನ್ನು ಶೇಕಡ 12ಕ್ಕಿಂತ ಹೆಚ್ಚು ತೇವವಿಲ್ಲದಂತೆ ಒಣಗಿಸಿ ತುಂಬಿದರೆ ಅದು ವರ್ಷಗಟ್ಟಲೆ ಕೆಡದು. ಕಾಳಿನ ತೇವವನ್ನು ಪರೀಕ್ಷಿಸಲು ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳನ್ನೂ ಚೆನ್ನಾಗಿ ಒಣಗಿಸಿದ ಒಂದು ಚಮಚ ಪುಡಿಯುಪ್ಪನ್ನೂ ಹಾಕಿ, ಬಿರಡೆಯಿಟ್ಟು ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಸೀಸೆಯ ಮೈಗೆ ಅಂಟಿಕೊಂಡರೆ ಕಾಳಿನಲ್ಲಿ ಶೇಕಡ 15ಕ್ಕಿಂತ ಹೆಚ್ಚು ತೇವವಿದೆಯೆಂದು ತಿಳಿದು, ಪುನಃ ಬಿಸಿಲಿಗೆ ಹರಡತಕ್ಕದ್ದು. ಅಂಟದಿದ್ದರೂ ರಾಗಿಗೆ ಇನ್ನೊಂದೆರಡು ಬಿಸಿಲು ಕೊಡುವುದು ಲೇಸು.

ಹಳೆಯ ಹಗೇವುಗಳನ್ನು ಇನ್ನೂ ಉಪಯೋಗಿಸುವವರು ಒಂದು ವಿಷಯವನ್ನು ಮರೆಯಬಾರದು. ನೀರು ಇಂಗಿದ ಹಗೇವಿನಲ್ಲಿ ನೆನೆದ ಧಾನ್ಯವೂ ಬೂಷ್ಟೂ ಸೇರಿ ಪ್ರಾಣವಾಯುವನ್ನು ಹೀರಿಬಿಡುತ್ತವೆ. ಇಂಗಾಲದ ಭಾರವಾದ ಗಾಳಿಯು ತಳದಲ್ಲಿ ನಿಲ್ಲುತ್ತದೆ. ಅಲ್ಲಿಗಿಳಿದವನು ಕೂಗುವುದಕ್ಕೂ ಶಕ್ತಿಯಿಲ್ಲದೆ ಬೀಳುವನು. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಬಾಯಿಯ ಚಪ್ಪಡಿಯನ್ನು ತೆಗೆದು ಒಂದು ದಿನ ಪೂರ್ತಿ ತೆರೆದಿಟ್ಟು, ಸಾಧ್ಯವಿದ್ದರೆ ಒಳಕ್ಕೆ ಗಾಳಿ ಹಾಯಿಸಬೇಕು. ಕಾಳನ್ನು ಆದಷ್ಟೂ ಮೇಲಿನಿಂದಲೇ ಮೊಗೆಯತಕ್ಕದ್ದು. ಇಳಿಯಲೇಬೇಕಾದಾಗ ಸೊಂಟಕ್ಕೆ ಹಗ್ಗವನ್ನು ಕಟ್ಟಿ, ಮೇಲೆ ಇಬ್ಬರು ಗಟ್ಟಿಗರನ್ನು ನಿಲ್ಲಿಸಬೇಕು. ಇಳಿಬಿಟ್ಟ ದೀಪವು ಆರಿದರೆ ಇಳಿಯಲೇಬಾರದು. ಆರದಿದ್ದ ಮಾತ್ರಕ್ಕೆ ಪೂರ್ಣವಾದ ಭರವಸೆಯೆಂದು ಎಣಿಸಲೂಬಾರದು.

ಬೂಷ್ಟು ಹಿಡಿದ ಧಾನ್ಯವನ್ನು ಏನು ಮಾಡತಕ್ಕದ್ದು

ಕೆಟ್ಟ ಕಾಳನ್ನು ತೊಳೆದು ಒಣಗಿಸಿ ಆಳುಗಳಿಗೆ ಅಳೆಯುವುದು, ಇಲ್ಲವೆ ದನಗಳ ಮುಂದೆ ಸುರಿಯುವುದು ನಷ್ಟವನ್ನು ಕಡಮೆ ಮಾಡಿಕೊಳ್ಳುವ ಉಪಾಯವೆಂದು ಕೆಲವರು ಭಾವಿಸುತ್ತಾರೆ. ಇದರ ಪರಿಣಾಮವನ್ನು ಅವರು ತಿಳಿಯಬೇಕು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ವಿಚಾರಿಸಲಾಗಿ, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯು ಬೂಷ್ಟು ಹಿಡಿದುದಾಗಿತ್ತು. ಆ ಬೂಷ್ಟು ಉತ್ಪತ್ತಿಮಾಡಿದ್ದ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರಾಯಿತು. 1974ರಲ್ಲಿ ನಮ್ಮ ದೇಶದಲ್ಲಿಯೇ, ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಜಿಲ್ಲೆಗಳಲ್ಲಿ, ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಉಂಡ 397 ಮಂದಿಗೆ ಕಾಮಾಲೆಯಂತಹ ರೋಗವು ತಗುಲಿ, 106 ಮಂದಿ ಮೃತರಾದರು. ಅವರು ಬಹುಮಟ್ಟಿಗೆ ಬಡ ಬುಡಕಟ್ಟಿನ ಕುಟುಂಬದವರು. ಅದೇ ಆಹಾರವನ್ನು ತಿಂದ ಊರ ನಾಯಿಗಳೂ ಸತ್ತವು.

ಈ ವಿಷವು ಕಡಲೆಕಾಯಿ, ಮುಸುಕಿನ ಜೋಳ, ಹಿಂಡಿಗಳಲ್ಲಿ ಹೆಚ್ಚು. ಮನೆಯ ಅಡಿಗೆಯ ಶಾಖಕ್ಕೆ ಅದು ನಾಶವಾಗುವುದಿಲ್ಲ. ಹಸುವು ತಿಂದರೆ ಹಾಲಿನಲ್ಲಿಯೂ ಇಳಿಯುವುದು. ಬೂಷ್ಟನ್ನು ಉಜ್ಜಿ ತೆಗೆದರೂ ವಿಷವು ಕಾಳಿನಲ್ಲಿ ಉಳಿಯುತ್ತದೆ. ಆದುದರಿಂದ ಬೂಷ್ಟು ಹಿಡಿದ ಧಾನ್ಯವನ್ನೂ ಹಿಂಡಿಯನ್ನೂ ಮನುಷ್ಯರಿಗಾಗಲಿ ದನಗಳಿಗಾಗಲಿ ಕೊಡದೆ ತಿಪ್ಪೆಗೆ ಹಾಕಿ ಹೂಳತಕ್ಕದ್ದು. ತಮ್ಮ ಮಕ್ಕಳಿಗೆ ಬಡಿಸಲಾರದ ಕಾಳನ್ನು ಕೂಲಿಯ ಲೆಕ್ಕಕ್ಕೆ ಅಳೆಯುವುದು ಯಾವ ಯಜಮಾನರಿಗೂ ಭೂಷಣವಲ್ಲ.

ರೇಷ್ಮೆಹುಳುವಿನ ಮನೆ ಮತ್ತು ಅಂಗಡಿ

ರೇಷ್ಮೆ ಸಾಕುವವರಿಗೆ ಸುಣ್ಣಕಟ್ಟು ರೋಗವು ಅಪರಿಚಿತವಲ್ಲ. ಸತ್ತ ಹುಳುವು ಸುಣ್ಣದ ತುಂಡಿನಂತೆ ಬೆಳ್ಳಗೆ ಗಟ್ಟಿಯಾಗುವುದು ಒಂದು ಬಗೆಯ ಬೂಷ್ಟಿನಿಂದಲೇ ಎಂಬುದನ್ನು ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬವರು 1835ರಲ್ಲಿಯೇ ಸಾಧಿಸಿ ತೋರಿಸಿದರು. ತಂಪು ಮತ್ತು ತೇವ ಸೇರಿದ ದಿನಗಳಲ್ಲಿ ಇದು ಪ್ರಬಲಿಸುತ್ತದೆ. ಸತ್ತ ಹುಳುಗಳನ್ನು ಬೆಳ್ಳಗಾಗುವುದಕ್ಕೆ ಮುಂಚೆಯೇ ಆರಿಸಿ ಸುಡಬೇಕು. ಬೆಳ್ಳಗಾದ ಮೇಲೆ ಒಂದೊಂದೂ ಬೀಜದ ಚೀಲವಿದ್ದಂತೆ. ತಟ್ಟೆಗಳಲ್ಲಿ ತೇವ ಹೆಚ್ಚಿದಾಗ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ, ಮನೆಗೆ ಗಾಳಿಯಾಡಿಸತಕ್ಕದ್ದು.

ಅಂಗಡಿ ಮತ್ತು ಗೋದಾಮುಗಳಲ್ಲಿ ಮೂಟೆಗಳನ್ನು ಬರಿನೆಲದ ಮೇಲೆ ಅಟ್ಟಿಯಿಡಬಾರದು. ನೆಲದಿಂದ ನಾಲ್ಕು ಅಂಗುಲದಷ್ಟಾದರೂ ಎತ್ತರವಾಗಿ ಮರದ ಹಲಗೆಗಳನ್ನು ಹಾಕಿ, ಗೋಡೆಯಿಂದ ಎರಡಡಿ ಜಾಗವನ್ನು ಬಿಡಬೇಕು. ರಸಗೊಬ್ಬರ, ಸಿಮೆಂಟುಗಳು ತೇವಕ್ಕೆ ಗಟ್ಟಿಯಾಗಿ ಕೆಡುವುದರಿಂದ ಅವಕ್ಕೂ ಇದೇ ನಿಯಮ.

ಮುಖಂಡರ ಕರ್ತವ್ಯ

ಇಲ್ಲಿಯವರೆಗೆ ಹೇಳಿದುದು ಒಂದೊಂದು ಮನೆಯವರೂ ಮಾಡಬಹುದಾದ ಕೆಲಸ. ಒಬ್ಬರಿಂದಾಗದ ಕೆಲಸಗಳೂ ಉಂಟು. ಬೀದಿಗೆ ಡಾಂಬರನ್ನಾಗಲಿ ಕಾಂಕ್ರೀಟನ್ನಾಗಲಿ ಹಾಕುವಾಗ ಹಳೆಯ ಮೈಯನ್ನು ಕೆತ್ತದೆ ಅದರ ಮೇಲೆಯೇ ಹಾಕುತ್ತಾ ಬಂದರೆ, ಬೀದಿಯು ಏರಿ ಮನೆಯ ಹೊಸ್ತಿಲು ಹಳ್ಳದಲ್ಲಿ ಉಳಿಯುವುದು. ಕೆಲಸವು ಪ್ರಾರಂಭವಾಗುವುದಕ್ಕೆ ಮುಂಚೆ ಗ್ರಾಮ ಪಂಚಾಯಿತಿಯವರು ಈ ಮಟ್ಟವನ್ನು ಗೊತ್ತುಮಾಡತಕ್ಕದ್ದು. ಕೆರೆಯ ಕೋಡಿಯಿಂದ ಹೊರಡುವ ಕಾಲುವೆಯನ್ನು ಯಾರೂ ಒತ್ತುವರಿ ಮಾಡದಂತೆ ನೋಡಿಕೊಳ್ಳಬೇಕು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ಕಡೆಯ ಹೊಲಗಳು ನಿವೇಶನಗಳಾಗುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಹೊಲವನ್ನು ಮಾರುವವರೂ ಕೊಳ್ಳುವವರೂ ಅದರಲ್ಲಿ ಹರಿಯುತ್ತಿದ್ದ ನೀರಿನ ದಾರಿಯನ್ನು ಮುಚ್ಚಿದರೆ, ಆ ನೀರು ಕೆಳಗಿನ ಬಡವನ ಮನೆಯನ್ನು ಹುಡುಕಿಕೊಂಡು ಹೋಗುವುದು.

ಭರಣಿ, ಕೃತ್ತಿಕೆಗಳಲ್ಲಿ ಹೊಲವನ್ನು ಉತ್ತು ಸಿದ್ಧಮಾಡುವ ರೂಢಿ ನಮ್ಮಲ್ಲಿದೆ. ಅದೇ ದಿನಗಳಲ್ಲಿ ಹೆಂಚು, ಸೂರು, ಚರಂಡಿ, ಕೋಡಿಕಾಲುವೆಗಳನ್ನೂ ಒಮ್ಮೆ ನೋಡಿ ಸರಿಪಡಿಸಿದರೆ, ಕಾರ್ತಿಕದ ಮಳೆಗೆ ಮನೆಯೂ ಕಣಜವೂ ಒಣಗಿಯೇ ಇರುವುವು.